ಕಲ್ಮರಿಗೆಯಲ್ಲಿ ಮನಿಪ್ಲಾಂಟ್

ಚೆನ್ನೈನಲ್ಲಿ ನಮ್ಮ ಪಕ್ಕದ ಮನೆಯ ಮಾಮಿ ದಿನಾ ರಸಂ ಮಾಡುವುದು ಅವರ ಅತ್ತೆ ಬಿಟ್ಟುಹೋದ ತವರದ ಚೊಂಬಿನಲ್ಲಿ. ತವರ 232 ಡಿಗ್ರಿಗೇ ಕರಗುತ್ತದೆ. ಖಾಲಿ ಚೊಂಬನ್ನು ಉರಿ ಮೇಲಿಟ್ಟರೆ ತಳವೇ ಹೋಯಿತು. ಅದಕ್ಕೇ ಮೊದಲು ಹುಣಿಸೆ ನೀರು ಹೊಯ್ದು, ಆಮೇಲೆ ಒಲೆ ಹಚ್ಚುತ್ತಾರೆ. ಐಟಿ ಕಂಪನಿಗೆ ಹೋಗುವ ಸೊಸೆಗೂ ಇದು ಗೊತ್ತು. ಎಷ್ಟೇ ಅವಸರವಿದ್ದರೂ ಅವಳು ತೆಗೆಯುವುದು ಅದೇ ಚೊಂಬು. ಬಂದವರಿಗೆ ಅದನ್ನು ಎತ್ತಿ ತೋರಿಸುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ.

ಕಳೆದ ಮಳೆಗಾಲ ಊರಿಗೆ ಹೋದಾಗ ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಗೆ ಊಟಕ್ಕೆ ಹೋಗಿದ್ದೆವು. ಜಗಲಿಯಲ್ಲಿ ಸಾಲಾಗಿ ತಾಮ್ರದ ಹಂಡೆ, ಕಡೆಗೋಲು, ಮೆಟ್ಟುಗತ್ತಿ. ಕೊನೆಯಲ್ಲಿ ಒಂದು ಕಲ್ಮರಿಗೆ, ಅಂದರೆ ಕಲ್ಲಿನ ಅಡುಗೆ ಪಾತ್ರೆ. ಅದರ ತುಂಬ ಮಣ್ಣು, ಮಣ್ಣಲ್ಲಿ ಮನಿಪ್ಲಾಂಟ್. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಊಟ ಸೇರಲಿಲ್ಲ.

ನಮ್ಮನೆಯಲ್ಲಿ ಕಲ್ಮರಿಗೆ ಅಂದರೆ ಸೋದರತ್ತೆ. ಆಷಾಢದ ಮಳೆಯಲ್ಲಿ ಕೆಸುವಿನ ಸೊಪ್ಪು ಕೊಯ್ದು ತಂದು, ವಾಟೆಹುಳಿ ಹಾಕಿ ಕರಕಲಿ ಎಂಬ ಹುಳಿ ಪದಾರ್ಥಕ್ಕೆ ಇಡುತ್ತಿದ್ದರು. ಹುಳಿ ಕಮ್ಮಿಯಾದರೆ ಗಂಟಲು ತುರಿಕೆ ಗ್ಯಾರಂಟಿ, ಹಾಗಾಗಿ ಹುಳಿ ಜಾಸ್ತಿಯೇ. ಕಲ್ಲಿಗೆ ಹುಳಿಯಿಂದ ಏನೂ ಆಗುವುದಿಲ್ಲ. ಆ ಮರಿಗೆ ಹೊರಗೆ ಮಸಿ ಹಿಡಿದು ಕಪ್ಪು, ಒಳಗೆ ಎಣ್ಣೆ ಕುಡಿದು ನುಣ್ಣಗೆ. ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಚಕ್ಕೆ ಹಾರಿತ್ತು. ಅತ್ತೆ ಸೌಟು ಒರಗಿಸುತ್ತಿದ್ದದ್ದು ಅಲ್ಲೇ. ಉರಿ ತೆಗೆದ ಮೇಲೂ ಎಷ್ಟೋ ಹೊತ್ತು ಕೊತಕೊತ ಅನ್ನುತ್ತಿತ್ತು. ಬಿಸಿ ಇರುವಾಗ ಅಂಚು ಹಿಡಿದು ಎತ್ತಲು ಹೋದರೆ, "ತಳಕ್ಕೆ ಕೈ ಕೊಡೋ ಮಾರಾಯ, ಅದೇನು ಸ್ಟೀಲ್ ಪಾತ್ರೆಯಾ?" ಅಂತ ಗದರುತ್ತಿದ್ದರು. ಮರುದಿನ ಇನ್ನೊಂದು ಕುದಿ, ಮೂರನೇ ದಿನ ಮತ್ತೊಂದು. ಆಗ ನೋಡಿ ಕರಕಲಿಯ ರುಚಿ!

ಅದು ಬಳಪದ ಕಲ್ಲು. ಬೇಲೂರು, ಬಳ್ಳಿಗಾವಿಯ ದೇವಸ್ಥಾನಗಳನ್ನು ಕೆತ್ತಿದ ಜಾತಿಯದ್ದೇ. ಹೊಸ ಮರಿಗೆಯನ್ನು ಹಾಗೇ ಒಲೆಗಿಟ್ಟರೆ ಸೀಳು ಬಿಡುತ್ತದೆ. ಎಣ್ಣೆ, ಅರಿಶಿನ ಹಚ್ಚಿ, ದಿನಾ ಬಿಸಿ ಗಂಜಿ ಹೊಯ್ದು ಪಳಗಿಸಬೇಕು. ಯಾರೋ ಹೆಂಗಸು ಅಷ್ಟು ತಾಳ್ಮೆಯಿಂದ ಪಳಗಿಸಿದ ಕಲ್ಲಿಗೆ ಮಣ್ಣು ತುಂಬುವುದು ನನಗೆ ಸಹಿಸಲು ಆಗುವುದಿಲ್ಲ. ಮಲೆನಾಡಿನವರು ಮೊದಲು ಹಳೇ ಪಾತ್ರೆ ಅಂದರೆ ನಾಚಿಕೊಂಡು ಅಟ್ಟಕ್ಕೆ ಹಾಕಿದೆವು, ಹಂಡೆಗಳನ್ನು ತೂಕಕ್ಕೆ ಕೊಟ್ಟೆವು. ಈಗ ಹೆಮ್ಮೆ ಬಂದಿದೆ, ಜಗಲಿಗೆ ತಂದಿಟ್ಟಿದ್ದೇವೆ. ಅಡುಗೆಮನೆಗೆ ಮಾತ್ರ ಇನ್ನೂ ತಂದಿಲ್ಲ.

ಅತ್ತಿಗೆಯ ಹತ್ತಿರ ಹೀಗೇ ಹೇಳಿದೆ. "ನೀನು ಚೆನ್ನೈಯಲ್ಲಿ ಕೂತು ಹೇಳ್ತೀಯ. ಕೊನೆಕೊಯ್ಲಲ್ಲಿ ಅಡಿಕೆ ಸುಲಿಯೋಕೆ ಬಂದವರಿಗೆಲ್ಲ ಈ ಕಲ್ಲಲ್ಲಿ ಸಾರು ಮಾಡಿ ಹಾಕು, ನೋಡೋಣ" ಅಂದರು. ಅದೂ ಸರಿಯೇ. ಅತ್ತೆಯ ಕಾಲದಲ್ಲಿ ಅಡುಗೆಮನೆಯಲ್ಲಿ ನಾಲ್ಕು ಜನ ಇರುತ್ತಿದ್ದರು, ಈಗ ಅತ್ತಿಗೆ ಒಬ್ಬರೇ. ತಮಿಳರೂ ಎಲ್ಲವನ್ನೂ ಉಳಿಸಿಕೊಂಡವರಲ್ಲ ಬಿಡಿ. ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಚೆಟ್ಟಿಯಾರ್ ವರ್ತಕರ ಮನೆಗಳ ಪಾತ್ರೆಗಳು ರಾಶಿ ಬಿದ್ದಿವೆ.

ಅತ್ತೆಯ ಕಲ್ಮರಿಗೆಯನ್ನು ಅತ್ತಿಗೆ ನನಗೇ ಕೊಟ್ಟರು. ಆ ಕೆಸು ನಮ್ಮ ಬೀದಿಯ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ. ಮಾಮಿ ಹೇಳಿಕೊಟ್ಟ ವತ್ತಕೊಳಂಬು, ಅಂದರೆ ತಮಿಳರ ಹುಣಿಸೆ ಸಾರು, ಅದರಲ್ಲಿ ಚೆನ್ನಾಗಿ ಆಗುತ್ತದೆ. ಕರಕಲಿ ಬೇಕೆಂದರೆ ಊರಿಗೇ ಹೋಗಬೇಕು. ಅತ್ತಿಗೆ ಅದನ್ನು ಕುಕ್ಕರಿನಲ್ಲಿ ಮಾಡುತ್ತಾರೆ, ಅದೂ ಚೆನ್ನಾಗಿಯೇ ಇರುತ್ತದೆ.