ಬೆಟ್ಟದಲ್ಲಿ ಸೈಕಲ್ ದಾರಿ: ನಾವೇ ಗುದ್ದಲಿ ಹಿಡಿಯಬೇಕಾ?

ಪರ: ಎರಡು ಎಳೆತದ ಕೆಲಸ

ಭಾನುವಾರ ಸೈಕಲ್ ತಗೊಂಡು ಸಿರ್ಸಿ ಸುತ್ತಲಿನ ಬೆಟ್ಟ ಹತ್ತುವವರಲ್ಲಿ ನಾನೂ ಒಬ್ಬ. ದಾರಿಯನ್ನು ನಾವೇ ಮಾಡಿ ನಾವೇ ನೋಡಿಕೊಳ್ಳಬೇಕು ಅನ್ನುತ್ತೇನೆ. ಕಾರಣ ನೀರು.

ನಮ್ಮ ಮಳೆಗೆ ಇಳಿಜಾರಿನಲ್ಲಿ ನೇರ ಇಳಿಯುವ ದಾರಿ ಉಳಿಯುವುದಿಲ್ಲ. ಚಕ್ರದ ಒಂದು ಗೆರೆ ಬಿದ್ದರೆ ಸಾಕು, ನೀರು ಅದನ್ನೇ ಹಿಡಿದು ಇಳಿಯುತ್ತದೆ. ಬರಬರುತ್ತಾ ಅದೇ ಕೊರಕಲಾಗುತ್ತದೆ. ತಿಳಿದು ಕಡಿದ ದಾರಿ ಹಾಗಲ್ಲ. ಗುಡ್ಡ 100 ಅಡಿಗೆ 30 ಅಡಿ ಇಳಿಯುತ್ತಿದ್ದರೆ ದಾರಿ 15 ಅಡಿಗಿಂತ ಜಾಸ್ತಿ ಇಳಿಯಬಾರದು. ದಾರಿಯ ಹೊರ ಅಂಚು ಸ್ವಲ್ಪ ತಗ್ಗಿರಬೇಕು. ಇಳಿಯುತ್ತಿರುವ ದಾರಿ ಅಲ್ಲಲ್ಲಿ ನಾಲ್ಕು ಹೆಜ್ಜೆ ಏರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ದಾಟಿ ದರಕಿನೊಳಗೆ (ಉದುರಿದ ಒಣ ಎಲೆಯೊಳಗೆ) ಇಂಗುತ್ತದೆ.

ಕಳೆದ ಮಳೆಗಾಲದಲ್ಲಿ ಹೋಗಿ ನೋಡಿದಾಗ, ಒಂದು ತಿರುವಿನಲ್ಲಿ ಎಲೆ, ಕೆಸರು ಕಟ್ಟಿಕೊಂಡು ನೀರು ದಾರಿ ಹಿಡಿದಿತ್ತು. ಎರಡು ಸಲ ಗುದ್ದಲಿ ಎಳೆದೆ. ನೀರು ತಿರುಗಿತು. ಇದಕ್ಕೆ ಟೆಂಡರ್ ಕರೆಯೋಕಾಗುತ್ತಾ? ಹಳ್ಳ ದಾಟುವ ಕಾಲುಸಂಕವನ್ನು ಊರವರೇ ಸೇರಿ ಕಟ್ಟುತ್ತಿದ್ದರಲ್ಲ, ಇದೂ ಹಾಗೆಯೇ. ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ವಿರೋಧ: ಬೆಟ್ಟ ಖಾಲಿ ಇಲ್ಲ

ಸೈಕಲ್ ಹುಡುಗರ ಮನಸ್ಸು ಒಳ್ಳೆಯದು. ನೀರಿನ ಲೆಕ್ಕವೂ ಸರಿ. ನನ್ನ ತಕರಾರು ಜಾಗದ್ದು.

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ಅಲ್ಲಿಂದಲೇ ಬರಬೇಕು. ದರಕಿನ ಹೊರೆ ಹೊತ್ತವರಿಗೆ ಕಾಲ ಮುಂದಿನ ನಾಲ್ಕು ಅಡಿ ಬಿಟ್ಟರೆ ಏನೂ ಕಾಣುವುದಿಲ್ಲ. ನಮ್ಮ ಅತ್ತಿಗೆ ಒಮ್ಮೆ ಹೀಗೇ ಬರುತ್ತಿದ್ದಾಗ ಮೇಲಿನ ತಿರುವಿನಿಂದ ಸೈಕಲ್ ಬಂತು. ತಪ್ಪಿಸಿಕೊಳ್ಳಲು ಹೋಗಿ ಹೊರೆ ಸಮೇತ ಕೆಳಗೆ ಜಾರಿದರು. ಮೊಣಕೈ ತರಚಿತು, ಅಷ್ಟೇ. ಆದರೆ ಆಮೇಲೆ ಆ ಬದಿಗೆ ಒಬ್ಬರೇ ಹೋಗುವುದನ್ನು ಬಿಟ್ಟರು.

ಸೈಕಲ್ ಬಂದ ದಾರಿಗೆ ನಾಳೆ ಬೈಕ್ ಬರುತ್ತದೆ. ತಡೆಯುವವರು ಯಾರು?

ಇನ್ನು ಎರಡು ಎಳೆತದ ಮಾತು. ಡಿಸೆಂಬರಿನಲ್ಲಿ ದಾರಿ ಕಡಿಯೋಕೆ ಇಪ್ಪತ್ತು ಜನ ಬರುತ್ತಾರೆ. ಜುಲೈಯಲ್ಲಿ ಕಾಲಿಗೆ ಉಂಬಳ (ಜಿಗಣೆ) ಹತ್ತುವಾಗ ಎಷ್ಟು ಜನ? ಮಳೆ ಬಿಡುವು ಕೊಟ್ಟರೆ ನಾವು ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುತ್ತಿರುತ್ತೇವೆ. ಹುಡುಗರಲ್ಲಿ ಅರ್ಧ ಜನ ಬೆಂಗಳೂರಲ್ಲಿ ಇರುತ್ತಾರೆ. ಆ ಎಲೆ ತೆಗೆಯೋಕೆ ಆ ದಿನವೇ ಯಾರಾದರೂ ಇರಬೇಕು, ಅಲ್ವಾ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿಯಿತು. ಹೆದ್ದಾರಿ ಕೆಲಸಕ್ಕೂ ಸೈಕಲ್ ದಾರಿಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೂ ಗುಡ್ಡದಲ್ಲಿ ಮಣ್ಣು ಅಗೆಯುವ ಸದ್ದು ಕೇಳಿದರೆ ನನಗೆ ಈಗ ಎದೆ ಹೊಡೆದುಕೊಳ್ಳುತ್ತದೆ.

ಗುದ್ದಲಿ ಹಿಡಿಯುವ ಆಸೆ ಇದ್ದರೆ ಹಳೆಯ ಕಾಲುದಾರಿಗಳೇ ಬೇಕಾದಷ್ಟಿವೆ. ನಮ್ಮ ಕೇರಿಯ ಮಕ್ಕಳು ಶಾಲೆಗೆ ನಡೆಯುವ ದಾರಿ ಅರ್ಧ ಕೊಚ್ಚಿಹೋಗಿದೆ. ಮೊದಲು ಅದನ್ನು ಸರಿ ಮಾಡೋಣ ಬನ್ನಿ. ಹಾರೆ, ಪಿಕಾಸಿ ನಾನು ಕೊಡುತ್ತೇನೆ. ಆಸರಿಯೂ (ಕುಡಿಯಲು ಏನಾದರೂ) ನಮ್ಮನೆಯದೇ.