ಮೇಸ್ತ್ರಿಗೆ 800 ಕೋಟಿ

ನಮ್ಮಕ್ಕನ ಮಗ ವಾಟ್ಸಾಪ್ ಸ್ಟೇಟಸ್ ಹಾಕಿದಾನೆ, ಎಐ ರಿಸರ್ಚ್ ಟೀಮ್ ಲೀಡ್ ಅಂತ. ಹಾಸನದ್ದೇ ಒಂದು ಕಾಲೇಜು, ಹೆಸರು ಬೇಡ ಬಿಡಿ. ಟೀಮಲ್ಲಿ ಎಷ್ಟ್ ಜನಾನೋ ಅಂದ್ರೆ "ಸದ್ಯಕ್ಕೆ ನಾನೊಬ್ನೇ ಮಾವ, ಇನ್ನೊಂದ್ ಪೋಸ್ಟಿಗೆ ಫೈಲ್ ಮೂವ್ ಆಗಿದೆ" ಅಂದ. ಕಂಪ್ಯೂಟರ್ ಇದೆಯಂತೆ, ಯುಪಿಎಸ್ ಬ್ಯಾಟರಿ ಹೋಗಿದೆಯಂತೆ, ಉದ್ಘಾಟನೆಗೆ ಕಟ್ ಮಾಡಿದ ಟೇಪು ಮಾತ್ರ ಇನ್ನೂ ಬಾಗ್ಲಲ್ಲಿ ನೇತಾಡ್ತಿದೆ.

ಅವ್ನ ತಪ್ಪೇನಿಲ್ಲ ಬಿಡಿ. 2025ರ ಜೂನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪ್ನಿ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಬಾಯ್ಬಿಟ್ಟಿದ್ದು ಗೊತ್ತಲ್ಲ, ನಮ್ ಕಂಪ್ನಿಯೋರನ್ನ ಎಳ್ಕೊಳಕ್ಕೆ ಫೇಸ್‌ಬುಕ್ ನಡ್ಸೋ ಮೆಟಾದೋರು 10 ಕೋಟಿ ಡಾಲರ್ ಬೋನಸ್ ಆಸೆ ತೋರಿಸ್ತಿದಾರೆ ಅಂತ. ನಮ್ ಲೆಕ್ಕದಲ್ಲಿ 800 ಕೋಟಿ ರೂಪಾಯಿ ದಾಟತ್ತೆ. ಅದನ್ನ ಪೇಪರಲ್ಲಿ ಓದಿದ ದಿನದಿಂದ ನಮ್ಮಕ್ಕ ಹೆಣ್ಣಿನ ಕಡೆಯೋರಿಗೆ ಜಾತಕ ಕೊಡೋದೇ ನಿಲ್ಸಿದಾಳೆ.

ನಂಗಂತೂ ನೆನಪಾಗೋದು ಸಕಲೇಶಪುರದ ಹತ್ರ ನಮ್ ದೊಡ್ಡಪ್ಪನ ತೋಟದ ಮೇಸ್ತ್ರಿ. ಹಣ್ಣು ಕುಯ್ಯೋ ಟೈಮಲ್ಲಿ ಬೆಳಗಾಗೋದ್ರೊಳಗೆ ಆಳು ಲೆಕ್ಕ ಹಾಕಿ, ಯಾರಿಗೆ ಯಾವ ಸಾಲು ಅಂತ ಹಂಚಿ, ಸಂಜೆ ಮೂಟೆ ತೂಕ ಹಾಕ್ಸಿ ರೈಟ್ರಿಗೆ ಒಪ್ಪಿಸೋನು. ಹಸಿರುಕಾಯಿ ಜಾಸ್ತಿ ಬಂದ್ರೆ ಅವ್ನಿಗೇ ಬೈಗುಳ, ಅಕಾಲದ ಮಳೆಗೆ ಕಣದಲ್ಲಿ ಕಾಫಿ ನೆಂದ್ರೂ ಅವ್ನಿಗೇ. ಆದ್ರೆ ಯಾವ ಗಿಡಕ್ಕೆ ಕಾಂಡ ಕೊರೆಯೋ ಬೋರರ್ ಹುಳ ಹಿಡ್ದಿದೆ ಅಂತ ಬೇಲಿ ಈಚೆ ನಿಂತೇ ಹೇಳೋನು, ಜೀಪಲ್ಲಿ ಬರೋ ಸಾಹುಕಾರ್ರಿಗೆ ಅದು ಗಿಡದ ಬುಡದಲ್ಲಿ ಕೂತ್ರೂ ಕಾಣ್ತಿರ್ಲಿಲ್ಲ.

ಯಾನ್ ಲೆಕುನ್ ಅಂಥ ಮೇಸ್ತ್ರಿ. 2013ರಲ್ಲಿ ಫೇಸ್‌ಬುಕ್ಕಿನ ಎಐ ರಿಸರ್ಚ್ ಶುರು ಮಾಡಿದೋರು, ಕಂಪ್ಯೂಟರ್ ಲೋಕದ ನೊಬೆಲ್ ಅನ್ನೋ ಟ್ಯೂರಿಂಗ್ ಪ್ರಶಸ್ತಿನ 2018ರಲ್ಲಿ ಹಂಚ್ಕೊಂಡ ಮೂವರಲ್ಲಿ ಒಬ್ರು. ಮೆಟಾ ಸಾಹುಕಾರ್ರು ಏನ್ ಮಾಡಿದ್ರು, ಸ್ಕೇಲ್ ಎಐ ಅನ್ನೋ ಕಂಪ್ನಿಗೆ 1430 ಕೋಟಿ ಡಾಲರ್ ಸುರಿದು ಅಲ್ಲಿಂದ 28 ವರ್ಷದ ಅಲೆಕ್ಸಾಂಡರ್ ವಾಂಗ್‌ನ ತಂದು ಎಲ್ರ ತಲೆ ಮೇಲೆ ಕೂರಿಸಿದ್ರು. ಅದೇ 2025ರ ಅಕ್ಟೋಬರಲ್ಲಿ ಎಐ ವಿಭಾಗದ ಸುಮಾರು 600 ಜನ ಮನೆಗೆ. ನವೆಂಬರಲ್ಲಿ ಲೆಕುನ್ನೂ ನಮಸ್ಕಾರ ಹಾಕಿದ್ರು. ಹೊಸ ಮೇಸ್ತ್ರಿ ಬಂದ್ರೆ ಹಳೆ ಆಳೆಲ್ಲಾ ಸೋಮಾರಿಗಳೇ, ನಮ್ಮಲ್ಲೇನು ಅಮೆರಿಕದಲ್ಲೇನು.

ಆ ಸ್ಕೇಲ್ ಎಐ ಬೆಳೆದಿದ್ದಾದ್ರೂ ಯಾವ್ ಕೆಲಸದಿಂದ? ಎಲ್ಲೆಲ್ಲೋ ಬಡ ದೇಶದಲ್ಲಿ ಕೂತ ಜನ ಎಐಗೆ ಕಲ್ಸೋಕೆ ಫೋಟೋ ನೋಡಿ ಇದು ಕಾರು, ಇದು ಮರ, ಇದು ಮನುಷ್ಯ ಅಂತ ಗುರುತು ಹಾಕೋದು. ಕಾಫಿಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸಲ್ಲಿ ಹೆಂಗಸ್ರು ಬಗ್ಗಿ ಕೂತು ಕರಿಬೀಜ ಆರಿಸ್ತಿದ್ರಲ್ಲ, ಹಂಗೇ. ಅವ್ರ ಕಣ್ಣು ಮಂಜಾಯ್ತು, ಸೊಂಟ ಹೋಯ್ತು, ಕಾಫಿ ರೇಟು ಏರಿದಾಗ ಯಾರೂ ಕರ್ದು ಬೋನಸ್ ಕೊಡ್ಲಿಲ್ಲ. ಬುದ್ಧಿ ಕಲ್ಸಿದೋರಿಗೆ ಪುಡಿಕಾಸು, ಬುದ್ಧಿ ಬಂತು ಅಂತ ಸ್ಟೇಜ್ ಮೇಲೆ ಹೇಳೋನಿಗೆ ನೂರಾರು ಕೋಟಿ. ಇದರಲ್ಲಿ ನಗೋದೇನಿದೆ ಅಂತ ಒಂದೊಂದ್ಸಲ ಅನ್ಸತ್ತೆ, ಬೇಜಾರಾಗಿದೆ ಮಾರಾಯ್ರೆ.

ನಿನ್ನೆ ಹುಡ್ಗ ಫೋನ್ ಮಾಡಿದ್ದ. ಎರಡನೇ ಪೋಸ್ಟ್ ಸ್ಯಾಂಕ್ಷನ್ ಆಯ್ತಂತೆ, ಡೆಪ್ಯುಟಿ ಲೀಡ್. ಬ್ಯಾಟರಿ ಏನಾಯ್ತೋ ಅಂದೆ.

"ಅದು ಬೇರೆ ಹೆಡ್ಡಲ್ಲಿ ಬರತ್ತೆ ಮಾವ."