38 ಪದಗಳ ಸಂಭಾವನೆ

"ನೀನು ಹಾಡ್ತೀಯಾ?"

"ಇಲ್ಲ ಚಿಕ್ಕಮ್ಮ."

"ಏನಾದ್ರೂ ಬಾರಿಸ್ತೀಯಾ?"

"ಇಲ್ಲ."

"ಮತ್ತೆ ಸಂಗೀತದ ಕೆಲಸ ಅಂತೀಯಲ್ಲೋ?"

"ಹಾಡೋರ ಬಗ್ಗೆ, ಬಾರಿಸೋರ ಬಗ್ಗೆ ಬರೀತೀನಿ. ಉಳಿದ ಹೊತ್ತು ಕಾಮಿಕ್ಸ್ ಬರೀತೀನಿ."

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಎರಡೂ ಹೊತ್ತು ಹೋಗೋಕೆ ಒಳ್ಳೇದೇ. ಕೆಲಸ ಯಾವಾಗ ಹುಡುಕ್ತೀಯ?" ಅಂದರು.

ಅವರ ತಪ್ಪೇನಿಲ್ಲ ಬಿಡಿ. ಕನ್ನಡದಲ್ಲಿ ಲೇಖನವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹಾಗಾಗಿ ನಾನು ಎರಡು ಕೆಲಸ ಮಾಡುತ್ತೇನೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಿದ್ದಾನೆ, ಪಾಪ, ಮೊದಲನೇ ಸಲ ಸರಿಬಂದಿಲ್ಲವೇನೋ ಅನ್ನುವ ಹಾಗೆ ನೋಡುತ್ತಾರೆ.

ಸಂಗೀತ ಪತ್ರಕರ್ತ ಅಂದರೆ ಕಲಾವಿದರ ಜೊತೆ ಸ್ಟೇಜಿನ ಹಿಂದೆ ಕೂತು ಹರಟೆ ಹೊಡೆಯುವವನು ಅಂತ ಕೆಲವರ ಕಲ್ಪನೆ. ಸ್ಟೇಜಿನ ಹಿಂದೆ ಇರುವುದು ಕೇಬಲ್. ಸುತ್ತಿಟ್ಟ ಕೇಬಲ್, ಸುತ್ತದೆ ಬಿಟ್ಟ ಕೇಬಲ್, ನಾನು ಎಡವಿ ಬಿದ್ದ ಕೇಬಲ್. ಅಲ್ಲಿಯ ತನಕ ಹೋಗುವುದಕ್ಕೆ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವರನ್ನು ದಾಟಬೇಕು. ಆ ಪಟ್ಟಿಯಲ್ಲಿ ನನ್ನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸಲ ಇತ್ತು. ಆದರೆ ಆಗಲೇ ಅದರ ಮುಂದೆ ಟಿಕ್ ಬಿದ್ದಿತ್ತು. ಯಾರೋ ಮಹಾನುಭಾವ ನಾನಾಗಿ ಒಳಗೆ ಹೋಗಿದ್ದ. ಒಳಗಿದ್ದ 'ನಾನು' ಆರಾಮಾಗಿ ಕೂತು ಕಾರ್ಯಕ್ರಮ ನೋಡಿದ. ಹೊರಗಿದ್ದ ನಾನು ಗೋಡೆಗೆ ಕಿವಿಯಿಟ್ಟು ವಿಮರ್ಶೆ ಬರೆದೆ. "ಇಡೀ ಕಾರ್ಯಕ್ರಮದಲ್ಲಿ ಬೇಸ್ ಗಿಟಾರ್ ಮೇಲುಗೈ ಸಾಧಿಸಿತು" ಅಂತ. ಗೋಡೆ ದಾಟಿ ಬರುವುದು ತಗ್ಗಿನ ಸ್ವರಗಳೇ ತಾನೇ! ಆಶ್ಚರ್ಯ ಏನಪ್ಪಾ ಅಂದರೆ, ಆ ಬೇಸ್ ಗಿಟಾರಿನವರು ಫೋನ್ ಮಾಡಿ, ಇಷ್ಟು ವರ್ಷದಲ್ಲಿ ನನ್ನನ್ನು ಸರಿಯಾಗಿ ಕೇಳಿಸಿಕೊಂಡವರು ನೀವೊಬ್ಬರೇ ಅಂದರು. ಒಳಗೆ ಕೂತವರ ಕಿವಿಗೆ ಅವರು ಬಿದ್ದೇ ಇರಲಿಲ್ಲವೇನೋ.

ಡೆಡ್‌ಲೈನಿನ ಕಾಟಕ್ಕೆ ಕೊನೆಯ ಹಾಡಿನ ಬಗ್ಗೆ ಮೊದಲೇ ಬರೆದು ಕಳಿಸಿ, ಆಮೇಲೆ ಮಳೆ ಬಂದು ಆ ಹಾಡೇ ನಡೆಯದೆ ಹೋದ ಕಥೆಯೂ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಆ ಸಂಪಾದಕರು ಇನ್ನೂ ಕೆಲಸ ಕೊಡುತ್ತಿದ್ದಾರೆ.

ಹೇಳಬೇಕಾದದ್ದು ಡ್ರಮ್ಮರ್ ಒಬ್ಬರ ಸಂದರ್ಶನದ ಕಥೆ.

ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನ ಸೌಂಡ್ ಚೆಕ್ ನಡೆಯುತ್ತಿತ್ತು. ಅವರಿಗೆ ಇದ್ದ ಬಿಡುವು ಅಷ್ಟೇ. "ಇಲ್ಲೇ ಕೂತ್ಕೊಳ್ಳಿ, ಮಾತಾಡೋಣ" ಅಂತ ಡ್ರಮ್ ಸೆಟ್ಟಿನ ಪಕ್ಕದ ಒಂದು ಕಪ್ಪು ಪೆಟ್ಟಿಗೆ ತೋರಿಸಿದರು. ಎಷ್ಟನೇ ವಯಸ್ಸಿಗೆ ಶುರು ಮಾಡಿದಿರಿ ಅಂತ ಕೇಳಿದೆ. ಅಪ್ಪನ ಸ್ಕೂಟರಿನ ಸೀಟನ್ನು ಎರಡು ಕಡ್ಡಿಯಲ್ಲಿ ಬಾರಿಸಿ ಬಾರಿಸಿ ಹರಿದುಹಾಕಿದ್ದೆ ಅಂತ ಶುರು ಮಾಡಿದರು. ಒಳ್ಳೆಯ ಆರಂಭ. ಅಷ್ಟರಲ್ಲಿ ಹಿಂದೆ ಗಿಟಾರಿನವರು ತಮ್ಮ ಆಂಪ್ಲಿಫೈಯರ್ ಆನ್ ಮಾಡಿದರು.

ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಕಾಳಜಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬೇಡಿ ಅನ್ನುತ್ತದೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೂ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ನಿಮಗಿರುವುದು 15 ನಿಮಿಷ. ಕಿವಿ ಹೋದರೆ ಅರ್ಧ ಸಂಪಾದನೆ ಹೋದಂತೆ. ಅದಕ್ಕೆ ಜೇಬಿನಲ್ಲಿ ಯಾವಾಗಲೂ ಇಯರ್‌ಪ್ಲಗ್ ಇರುತ್ತದೆ. ತೆಗೆದು ಎರಡೂ ಕಿವಿಗೆ ತುರುಕಿಕೊಂಡೆ. ಹೇಗೂ ಫೋನ್ ರೆಕಾರ್ಡ್ ಮಾಡುತ್ತಿದೆಯಲ್ಲ, ಮನೆಗೆ ಹೋಗಿ ಕೇಳಿದರಾಯಿತು.

ಮುಂದಿನ ಮುಕ್ಕಾಲು ಗಂಟೆ ಅವರ ತುಟಿ ಆಡುವುದನ್ನು ನೋಡುತ್ತಾ ತಲೆಯಾಡಿಸಿದೆ. ಅವರು ನಕ್ಕರೆ ನಾನೂ ನಕ್ಕೆ. ಒಂದು ಹಂತದಲ್ಲಿ ಅವರು ಏನೋ ಹೇಳಿ ಕಣ್ಣೊರೆಸಿಕೊಂಡರು. ಬೆವರು ಅಂದುಕೊಂಡು ಹೆಬ್ಬೆರಳೆತ್ತಿ "ಸೂಪರ್" ಅಂದೆ. ಅವರು ಅರೆಗಳಿಗೆ ನನ್ನನ್ನೇ ನೋಡಿ ಮುಂದುವರಿಸಿದರು. ಕೈ ಸುಮ್ನೆ ಇರಬೇಕಲ್ಲ, ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿತ್ತು. ನಾನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದೇನೆ ಅಂತ ಅವರಿಗೆ ಅನ್ನಿಸಿರಬೇಕು.

ಮನೆಗೆ ಬಂದು ರೆಕಾರ್ಡಿಂಗ್ ಹಾಕಿದೆ. 47 ನಿಮಿಷ. "ಝರ್ರ್ರ್ರ್."

ಮಧ್ಯೆ ಸ್ವಲ್ಪ ನಿಂತು, ಮತ್ತೆ "ಝರ್ರ್ರ್ರ್ರ್ರ್."

ಆಗಿದ್ದಿಷ್ಟು. ಫೋನ್ ಇಡುವುದಕ್ಕೆ ಸಪಾಟಾದ ಜಾಗ ಹುಡುಕಿದ್ದೆ. ಎದುರಿಗೇ ಇದ್ದ ಸ್ನೇರ್ ಡ್ರಮ್ ದುಂಡಗಿನ ಪುಟ್ಟ ಮೇಜಿನ ಹಾಗೇ ಕಂಡಿತ್ತು. ಸ್ನೇರ್‌ನ ತಳದಲ್ಲಿ ಸುರುಳಿ ಸುತ್ತಿದ ಸಣ್ಣ ಲೋಹದ ತಂತಿಗಳ ಸಾಲೊಂದು ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಸಾಮಾನ್ಯವಾಗಿ 20 ಎಳೆ. ಡ್ರಮ್ಮನ್ನು ಯಾರೂ ಮುಟ್ಟದಿದ್ದರೂ ಪಕ್ಕದಲ್ಲಿ ಗಟ್ಟಿ ಸದ್ದಾದರೆ ಸಾಕು, ಅವು ನಡುಗುತ್ತವೆ. ಅವನ್ನು ಸಡಿಲಿಸಲು ಪಕ್ಕದಲ್ಲೇ ಒಂದು ಪುಟ್ಟ ಸನ್ನೆಕೋಲೂ ಇರುತ್ತದೆ. ಇದನ್ನೆಲ್ಲ ವಿವರಿಸಿ ಹಿಂದೆ ನಾನೇ ಒಂದು ಲೇಖನ ಬರೆದಿದ್ದೆ. ಅಂಥ ನಾನು ಫೋನನ್ನು ತೆಗೆದುಕೊಂಡು ಹೋಗಿ, ಆ ಸ್ಟೇಜಿನ ಮೇಲೆ ಅತಿ ಹೆಚ್ಚು ಗೊರಗೊರ ಅನ್ನುವ ಜಾಗದಲ್ಲಿ ಮಲಗಿಸಿದ್ದೆ.

ಮಾತನ್ನು ಬರಹಕ್ಕಿಳಿಸುವ ಆ್ಯಪ್ ಒಂದಿದೆ. ಕೊನೆಯ ಆಸೆಯಿಂದ ಅದಕ್ಕೆ ಹಾಕಿದೆ. ಅದು ಕೊಟ್ಟ ಫಲಿತಾಂಶ ಹೀಗಿತ್ತು: "[ಸಂಗೀತ] [ಸಂಗೀತ] ಹೌದು [ಸಂಗೀತ] [ಸಂಗೀತ] ಸೂಪರ್ [ಸಂಗೀತ]." ಆ 'ಹೌದು' ಮತ್ತು 'ಸೂಪರ್' ಎರಡೂ ನನ್ನವೇ.

ನೋಟ್‌ಬುಕ್ ತೆರೆದೆ. ಅವರ ಮೂಗು, 5 ಕೋನಗಳಿಂದ. ಕಡ್ಡಿ ತಿರುಗಿಸುವ ಕೈ. ಶೂಲೇಸು, ಒಂದು ಬಿಚ್ಚಿದ್ದು, ಒಂದು ಕಟ್ಟಿದ್ದು. ಮೂಲೆಯಲ್ಲಿ ಒಂದೇ ಒಂದು ಸಾಲು: "ಸ್ಕೂಟರ್ ಸೀಟು, ಆಮೇಲೆ ಕೇಳು."

ಮತ್ತೆ ಫೋನ್ ಮಾಡಿ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಮಾಡಿದೆ. ಅವರು ಮುಂದಿನ ಊರಿನ ವಿಮಾನ ಹತ್ತಿದ್ದರು. ಲೇಖನ ಮರುದಿನ ಬೆಳಿಗ್ಗೆ ಕೊಡಬೇಕು. ಅವರು ಹೇಳಿರಬಹುದಾದ ಮಾತನ್ನು ನಾನೇ ಬರೆದುಬಿಡುವುದು ಇನ್ನೊಂದು ದಾರಿ. ಅದು ಮಾತ್ರ ಮಾಡುವುದಿಲ್ಲ. ಇಷ್ಟೆಲ್ಲ ಎಡವಟ್ಟಿನ ನಡುವೆ ಅದೊಂದನ್ನಾದರೂ ಉಳಿಸಿಕೊಂಡಿದ್ದೇನೆ.

ಸಂಪಾದಕರಿಗೆ ಫೋನ್ ಮಾಡಿ, "ಸಂದರ್ಶನವನ್ನ ಕಾಮಿಕ್ಸ್ ರೂಪದಲ್ಲಿ ಮಾಡಿದ್ರೆ ಹೇಗೆ?" ಅಂತ ಕೇಳಿದೆ, ಅದೇನೋ ತಿಂಗಳಿಂದ ಯೋಚಿಸುತ್ತಿದ್ದವನ ಧ್ವನಿಯಲ್ಲಿ. "ಅರೆ, ಹೊಸದಾಗಿದೆ ಇವ್ರೇ, ಬೇಕಾದ್ರೆ ಇನ್ನು 3 ದಿನ ತಗೊಳ್ಳಿ" ಅಂದರು. ಮೊದಲೇ ಹೇಳಿದ್ದರೆ ವಿಮಾನ ಇಳಿಯುವ ತನಕ ಕಾಯುತ್ತಿದ್ದೆ. ಆದರೆ ಬಾಯಿಂದ ಕಾಮಿಕ್ಸ್ ಅಂತ ಬಂದಾಗಿತ್ತು.

ಕಥೆ ಸರಳ. ಡ್ರಮ್ಮರ್ ಮನಬಿಚ್ಚಿ ಮಾತಾಡುತ್ತಾರೆ, ಅವರ ಬಾಯಿಂದ ಹೊರಡುವ ಬಲೂನಿನಲ್ಲಿ ಬರೀ "ಝರ್ರ್ರ್". ಎದುರಿಗೆ ಕೂತ ಪತ್ರಕರ್ತ ತಲೆಯಾಡಿಸುತ್ತಾನೆ. 6 ಚೌಕ. ಸ್ಕೂಟರ್ ಸೀಟಿಗೆ ಒಂದು ಚೌಕ ಇಟ್ಟೆ.

ಕಷ್ಟ ಇರುವುದು ಬಲೂನಿನೊಳಗೆ ಕನ್ನಡ ಕೂರಿಸುವುದರಲ್ಲಿ. ಇಂಗ್ಲಿಷ್ ಕಾಮಿಕ್ಸಿನವರು ಹೆಚ್ಚಾಗಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದುಬಿಡುತ್ತಾರೆ. ಒಂದೇ ಎತ್ತರ, ಇಟ್ಟಿಗೆ ಜೋಡಿಸಿದ ಹಾಗೆ. ನಮ್ಮದರಲ್ಲಿ ಮೇಲಿನ ಸಾಲಿನ ಒತ್ತಕ್ಷರ ಇಳಿದು ಬಂದು ಕೆಳಗಿನ ಸಾಲಿನ ಗುಡಿಗೆ ಡಿಕ್ಕಿ ಹೊಡೆಯುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟರೆ ಬಲೂನು ಊದಿ ಪಾತ್ರದ ಮುಖವನ್ನೇ ಮುಚ್ಚುತ್ತದೆ. ಇನ್ನು ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಮಾಡಲು ಮರೆತರೆ 'ಡ್ರಮ್' ಹೋಗಿ 'ಡ್‌ರಮ್' ಆಗಿ ಕೂತಿರುತ್ತದೆ. ವರ್ಷಗಳಿಂದ ಈ ಗುದ್ದಾಟ ಮಾಡಿ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಒತ್ತಕ್ಷರ ಇಲ್ಲದ ಪದ ಹುಡುಕುವುದು. ನನ್ನ ಕಾಮಿಕ್ಸ್‌ನಲ್ಲಿ ಯಾರೂ ಅಕ್ಕಪಕ್ಕ ಕೂರುವುದಿಲ್ಲ, ಜೊತೆಗೆ ಕೂರುತ್ತಾರೆ. ಅಪ್ಪಂದಿರೆಲ್ಲ ತಂದೆ ಆಗಿದ್ದಾರೆ. ಅಜ್ಜಿಯರಿಗಂತೂ ಪ್ರವೇಶವೇ ಇಲ್ಲ. ಇದಕ್ಕೂ ಮೇಲೆ, ಎರಡು ಪದ ಇರುವ ಕಡೆ ಸಂಧಿ ಮಾಡಿ ಒಂದಾಗಿಸುತ್ತೇನೆ. ಜಾಗ ಉಳಿಯುತ್ತದೆ. ಈ ಜಾಣತನದ ಫಲ ಆಮೇಲೆ ಉಣ್ಣಲಿದ್ದೆ.

ಚಿತ್ರ ಬರೆಯುವವರಿಗೆ ಇನ್ನೊಂದು ಅಭ್ಯಾಸ ಇದೆ. ಒಂದೇ ಚಿತ್ರವನ್ನು ಗಂಟೆಗಟ್ಟಲೆ ನೋಡುತ್ತಿದ್ದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಕನ್ನಡಿಯಲ್ಲಿ ನೋಡಿದ ಹಾಗೆ ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತೇವೆ. ಸೊಟ್ಟ ಮೂಗು, ಮೇಲೆ ಕೆಳಗಾದ ಕಣ್ಣು ತಟ್ಟನೆ ಕಾಣುತ್ತವೆ. ಸರಿಮಾಡಿ, ಮತ್ತೆ ಮೊದಲಿನಂತೆ ತಿರುಗಿಸಬೇಕು. ಮೂರನೇ ರಾತ್ರಿ ಮೂಗನ್ನು ಸರಿಮಾಡಿದೆ. ತಿರುಗಿಸುವುದನ್ನು ಮರೆತೆ. ಅಕ್ಷರಗಳನ್ನು ಕೊನೆಗೆ ಹಾಕಿದ್ದರಿಂದ ಅವು ಮಾತ್ರ ಸರಿಯಾಗಿದ್ದವು. ಯಾರಿಗೂ ಅನುಮಾನ ಬರಲಿಲ್ಲ.

ಪ್ರಕಟವಾದ ದಿನ ಡ್ರಮ್ಮರ್ ಅವರೇ ಫೋನ್ ಮಾಡಿದರು. "ತುಂಬಾ ಚೆನ್ನಾಗಿದೆ. ಸ್ಕೂಟರ್ ನೋಡಿ ಅಪ್ಪ ನಕ್ಕರು. ಆದ್ರೆ ನನ್ನನ್ನ ಯಾಕೆ ಎಡಚ ಮಾಡಿದ್ದೀರಿ?" ಬಲಗೈ ಡ್ರಮ್ಮರ್‌ಗೆ ಹೈ-ಹ್ಯಾಟ್, ಅಂದರೆ ಕಾಲಲ್ಲಿ ತುಳಿದು ಕೂಡಿಸುವ ಆ ಜೋಡಿ ತಟ್ಟೆ, ಎಡಗಡೆ ಇರುತ್ತದೆ. ನನ್ನ ಚಿತ್ರದಲ್ಲಿ ಅದು ಬಲಕ್ಕಿತ್ತು. ನಾನು ಗಾಬರಿಯಲ್ಲಿ, ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಎಡಗೈಯವರು, ಆದರೂ ಬಲಗೈಯವರ ಸೆಟ್ ಬಾರಿಸುತ್ತಾರೆ, ಅದಕ್ಕೆ ಇದೊಂದು ಉಲ್ಟಾ ಗೌರವ ಅಂತ ಏನೇನೋ ಹೇಳಿದೆ. ಅವರು ದೊಡ್ಡ ಮನುಷ್ಯರು, ನಂಬಿದ ಹಾಗೆ ಮಾಡಿದರು. ಸೂಪರ್ ಅಂದದ್ದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಓದುಗರೊಬ್ಬರು ಮಾತ್ರ ನನ್ನನ್ನು ಸರಿಯಾಗಿ ಹಿಡಿದರು. ಡ್ರಮ್ಮರ್ ತಲೆಯ ಮೇಲೆ ಅಲಂಕಾರಕ್ಕೆ ಅಂತ ನಾಲ್ಕು ಸ್ವರಚಿಹ್ನೆ ತೇಲಿಬಿಟ್ಟಿದ್ದೆ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸ್ವರಚಿಹ್ನೆಯ ಕಡ್ಡಿಗೆ ಅಂಟಿದ ಪುಟ್ಟ ಬಾವುಟ ಯಾವಾಗಲೂ ಬಲಕ್ಕೇ ಹಾರುತ್ತದೆ, ಕಡ್ಡಿ ಮೇಲಕ್ಕಿರಲಿ ಕೆಳಕ್ಕಿರಲಿ. ನನ್ನವು ನಾಲ್ಕೂ ಎಡಕ್ಕೆ ಹಾರುತ್ತಿದ್ದವು. "ಎಡಚ ಡ್ರಮ್ಮರ್‌ಗಳು ಇರಬಹುದು ಸ್ವಾಮಿ, ಎಡಚ ಸ್ವರ ಇಲ್ಲ" ಅಂತ ಬರೆದಿದ್ದರು. ಇಂಥ ಓದುಗರು ಇಬ್ಬರಿದ್ದರೆ ಸಾಕು, ಮನುಷ್ಯ ನೆಟ್ಟಗಾಗುತ್ತಾನೆ. ಅಥವಾ ಕೆಲಸ ಬಿಡುತ್ತಾನೆ.

ಇಷ್ಟಾದ ಮೇಲೆ ಸಂಭಾವನೆ. ಆ ಪತ್ರಿಕೆಯಲ್ಲಿ ಪದಕ್ಕೆ ಇಷ್ಟು ಅಂತ ಲೆಕ್ಕ. ಮೊದಲು ಬಂದ ಚೀಟಿಯಲ್ಲಿ ಪದಗಳು: 0. ಚಿತ್ರದೊಳಗಿನ ಅಕ್ಷರ ಅವರ ಕಂಪ್ಯೂಟರಿಗೆ ಕಂಡಿರಲಿಲ್ಲ. ಫೋನ್ ಮಾಡಿ ಗೋಳಾಡಿದೆ. ಲೆಕ್ಕಪತ್ರದ ಮೇಡಂ ಒಳ್ಳೆಯವರು, ಪುಟ ತೆರೆದು ಬೆರಳಿಟ್ಟು ಎಣಿಸಿದರು.

"38 ಇದೆ ಸರ್."

ಮೂರು ಹಗಲು, ಮೂರು ರಾತ್ರಿ. 38 ಪದ. ಜಾಗ ಉಳಿಸಲು ನಾನು ಎಷ್ಟು ಪದ ಕಿತ್ತೆಸೆದಿದ್ದೆ ಅಂತ ನೆನಪಾಯಿತು. 'ಬಂದು ಬಿಟ್ಟು ಇರಬಹುದು ಅಲ್ಲವೇ' ಅಂತ ಬಿಡಿಸಿ ಬರೆದಿದ್ದರೆ ನಾಲ್ಕು. 'ಬಂದುಬಿಟ್ಟಿರಬಹುದಲ್ಲವೇ' ಅಂತ ಕೂಡಿಸಿ ಬರೆದು ಮೂರು ಪದದ ದುಡ್ಡು ಕಳೆದುಕೊಂಡಿದ್ದೆ. ಶಾಲೆಯಲ್ಲಿ ಸಂಧಿ ಕಲಿಸಿದ ಮೇಷ್ಟ್ರು ಇದನ್ನು ಹೇಳಿರಲಿಲ್ಲ.

"ಮೇಡಂ, ಚಿತ್ರಾನೂ ಬರೆದದ್ದೇ ಅಲ್ವಾ?"

"ಬರೆದದ್ದೇ ಸರ್, ಆದ್ರೆ ಅದು ಪದ ಅಲ್ವಲ್ಲ." ಸ್ವಲ್ಪ ತಡೆದು, "ಒಂದ್ನಿಮಿಷ, ಕೊನೇ ಚೌಕದಲ್ಲಿ 'ಢಂ ಢಂ ಢಂ' ಅಂತಿದೆ. ನಾನು ಒಂದು ಅಂತ ಹಿಡಿದಿದ್ದೆ. ಮೂರಾ?"

"ಮೂರು ಮೇಡಂ. ನಡುವೆ ಜಾಗ ಬಿಟ್ಟಿದ್ದೀನಿ ನೋಡಿ."

"ಹೌದು. ಹಾಗಾದ್ರೆ 40. ಈ 'ಝರ್ರ್ರ್ರ್'?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅದು ಒಂದೇ" ಅಂದೆ.

ಮುಂದಿನ ತಿಂಗಳು ಕೊನ್ನಕೋಲ್ ಕಲಾವಿದರೊಬ್ಬರ ಸಂದರ್ಶನ ಒಪ್ಪಿಕೊಂಡಿದ್ದೇನೆ. ಡ್ರಮ್ ಇಲ್ಲ, ತಂತಿ ಇಲ್ಲ, ತಾಳದ ಜತಿಗಳನ್ನೆಲ್ಲ ಬಾಯಲ್ಲೇ ಹೇಳುತ್ತಾರೆ. ಇದನ್ನೂ ಕಾಮಿಕ್ಸ್ ಮಾಡುತ್ತೇನೆ ಅಂತ ಸಂಪಾದಕರಿಗೆ ಈಗಲೇ ಹೇಳಿಟ್ಟಿದ್ದೇನೆ. ಬಲೂನುಗಳನ್ನು ಈ ಸಲ ದೊಡ್ಡದಾಗಿಯೇ ಹಾಕುತ್ತಿದ್ದೇನೆ. ತ ಕ ಧಿ ಮಿ. ನಾಲ್ಕು ಪದ. ಒತ್ತಕ್ಷರವೂ ಇಲ್ಲ.